ಕದ್ದ ತಂತ್ರಾಂಶದಲ್ಲಿ ಕನ್ನಡದ ಹೋರಾಟವೇ?



ಕಳೆದ ರಾಜ್ಯೋತ್ಸವದ ಮೆರವಣಿಗೆಯ ವಿಡಿಯೊ ಸಿದ್ಧವಾಗಿದೆ, ಬಂದು ನೋಡಿ ಎಂದು ಸ್ಟುಡಿಯೊದಿಂದ ಕರೆ ಬಂತು. ಸಂಘದ ನಾಲ್ಕು ಜನ ಹೋದೆವು. ತಾಯಿ ಭುವನೇಶ್ವರಿಯ ತೇರು ಬಂತು, ಡೊಳ್ಳು ಬಂತು, ಹಳದಿ ಕೆಂಪು ಬಾವುಟಗಳ ಸಾಲು ಬಂತು. ಎದೆ ಉಬ್ಬಿತು. ಅಷ್ಟರಲ್ಲಿ ಪರದೆಯ ಅಡ್ಡಗಲಕ್ಕೂ ದಪ್ಪಕ್ಷರದಲ್ಲಿ ಮೂಡಿತು: ‘ಕನ್‌ನಡ ರಾಜ್‌ಯೋತ್‌ಸವ’!

ಎಡಿಟಿಂಗ್ ಮಾಡಿದ ಹುಡುಗನನ್ನು ಕೇಳಿದೆ. ತಲೆ ಕೆರೆದುಕೊಂಡು ಹೇಳಿದ: “ಅಣ್ಣಾ, ಇದ್ರಲ್ಲಿ ಒತ್ತಕ್ಷರ ಕೂರಲ್ಲ. ಒತ್ತು ಇಲ್ದಿರೋ ಪದ ಬರ್ಕೊಡಿ, ಹಾಕ್ಕೊಡ್ತೀನಿ.”

“ಅಲ್ಲಪ್ಪಾ, ಕನ್ನಡ ಅನ್ನೋ ಹೆಸರಲ್ಲೇ ಒತ್ತು ಇದೆಯಲ್ಲೋ!”

“ಹಂಗಾದ್ರೆ ಇಂಗ್ಲಿಷಲ್ಲಿ ಹಾಕ್ಬಿಡ್ಲಾ ಅಣ್ಣಾ?”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂಗಡಿಯ ಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಲೇಬೇಕೆಂದು 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದವರು ನಾವು. ಆ ಹೋರಾಟದ ವಿಡಿಯೊ ಕತ್ತರಿಸಿ ಜೋಡಿಸುವ ತಂತ್ರಾಂಶದಲ್ಲಿ ಕನ್ನಡ ಎಷ್ಟಿದೆ? ನಮ್ಮ ಹೆಸರನ್ನು ನೆಟ್ಟಗೆ ಬರೆಯುವಷ್ಟೂ ಇಲ್ಲ!

ಆ ಹುಡುಗನ ಮೇಲೆ ಸಿಟ್ಟು ಬೇಡ. ಅವನು ಬಳಸುತ್ತಿದ್ದದ್ದು ಯಾರೋ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ ಹಳೆಯ ಕಳ್ಳ ಪ್ರತಿ. ನ್ಯಾಯವಾಗಿ ಹೇಳಬೇಕೆಂದರೆ, ದೊಡ್ಡ ಕಂಪನಿಗಳ ಹೊಸ ಆವೃತ್ತಿಗಳು ಇಂದು ನಮ್ಮ ಲಿಪಿಯನ್ನು ಸರಿಯಾಗಿ ಕೂರಿಸಬಲ್ಲವು. ಆದರೆ ಹೊಸ ಆವೃತ್ತಿಗೆ ಹಣ ಬೇಕು. ಹಣವಿಲ್ಲದವನು ಕದ್ದ ಹಳೆಯದಕ್ಕೇ ಅಂಟಿಕೊಳ್ಳುತ್ತಾನೆ, ಕನ್ನಡ ಅಲ್ಲಿ ಮುರಿದೇ ಬಿದ್ದಿರುತ್ತದೆ. ಇದು ಒಬ್ಬ ಹುಡುಗನ ಕಥೆಯಲ್ಲ. ಕನ್ನಡದ ಹೆಸರಿನಲ್ಲಿ ನಡೆಯುವ ಎಷ್ಟು ಸಂಘಟನೆಗಳ, ಎಷ್ಟು ಯೂಟ್ಯೂಬ್ ವಾಹಿನಿಗಳ ಕಂಪ್ಯೂಟರಿನಲ್ಲಿ ಹಣ ಕೊಟ್ಟು ಕೊಂಡ ಎಡಿಟಿಂಗ್ ತಂತ್ರಾಂಶವಿದೆ? ಎದೆ ಮುಟ್ಟಿಕೊಂಡು ಹೇಳಿ!

ಕಳ್ಳ ಪ್ರತಿಯ ನಿಜವಾದ ಬೆಲೆ

“ಬಿಟ್ಟಿ ಸಿಗುತ್ತೆ, ಏನೀಗ?” ಎನ್ನುವವರು ಕಾನೂನನ್ನು ಒಮ್ಮೆ ಓದಲಿ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮು, ಕಳ್ಳ ಪ್ರತಿಯೆಂದು ಗೊತ್ತಿದ್ದೂ ಕಂಪ್ಯೂಟರ್ ತಂತ್ರಾಂಶ ಬಳಸುವವರಿಗೆ ಏಳು ದಿನಕ್ಕೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸ ಮತ್ತು 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ಎನ್ನುತ್ತದೆ. ವ್ಯಾಪಾರದ ಲಾಭಕ್ಕಾಗಿ ಬಳಸಿಲ್ಲವೆಂದು ಕಂಡರೆ ನ್ಯಾಯಾಲಯ ಸೆರೆವಾಸ ಬಿಟ್ಟು 50,000 ರೂಪಾಯಿಗಳವರೆಗಿನ ದಂಡದಲ್ಲೇ ಮುಗಿಸಬಹುದು, ಅಷ್ಟೆ.

ಕನ್ನಡ ಹೋರಾಟಗಾರನ ಮೇಲೆ ಕೇಸು ಹಾಕಲು ಕಾರಣ ಹುಡುಕುವವರಿಗೆ ಈ ನಾಡಿನಲ್ಲಿ ಎಂದೂ ಬರವಿಲ್ಲ. ರಸ್ತೆ ತಡೆದದ್ದಕ್ಕೆ ಜೈಲಿಗೆ ಹೋದರೆ ಊರು ಹಾರ ಹಾಕುತ್ತದೆ. ಅಮೆರಿಕದ ಕಂಪನಿಯ ಸರಕು ಕದ್ದದ್ದಕ್ಕೆ ಹೋದರೆ ಯಾರು ಹಾರ ಹಾಕುತ್ತಾರೆ? ನಮ್ಮ ಕೈಯಾರೆ ನಾವೇ ಏಕೆ ಆ ಅಸ್ತ್ರವನ್ನು ಕೊಡಬೇಕು?

ಅದೂ ಸಾಲದು. ಬೀಗ ಒಡೆದ ಪ್ರತಿಯನ್ನು ಹಂಚುವವನು ಧರ್ಮಛತ್ರ ನಡೆಸುತ್ತಿಲ್ಲ. ಅದರ ಹೊಟ್ಟೆಯಲ್ಲಿ ವೈರಸ್ ಇಟ್ಟು ಕೊಡುವುದು ಹಳೆಯ ದಂಧೆ. ಸಂಘದ ಸದಸ್ಯರ ಪಟ್ಟಿ, ಫೋನ್ ನಂಬರು, ಹತ್ತು ವರ್ಷದ ಹೋರಾಟದ ಚಿತ್ರಗಳು ಎಲ್ಲವೂ ಇರುವ ಕಂಪ್ಯೂಟರಿಗೇ ನಾವು ಆ ಮಾರಿಯನ್ನು ಮನೆತುಂಬಿಸಿಕೊಳ್ಳುತ್ತೇವೆ.

ಬಾಡಿಗೆ ಮನೆಯ ಬೀಗದ ಕೈ

ಸರಿ, ಹಣ ಕೊಟ್ಟೇ ತರೋಣ ಎನ್ನುವಿರಾ? ಒಂದು ಸಲ ಕೊಂಡು ಸದಾ ಬಳಸುವ ಕಾಲ ಕೆಲವು ದೊಡ್ಡವರ ಬಳಿ ಮುಗಿಯಿತು. ಅಡೋಬಿ ಕಂಪನಿ 2013ರಲ್ಲೇ ತನ್ನ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಚಂದಾಕ್ಕೆ ಮಾತ್ರ ಕೊಡುವುದಾಗಿ ಸಾರಿತು. ಅಂದರೆ ಬಾಡಿಗೆ. ಬಾಡಿಗೆ ನಿಂತ ದಿನ ನಿಮ್ಮ ವಿಡಿಯೊದ ಎಡಿಟಿಂಗ್ ಕಡತ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ತೆರೆಯಲು ದಾರಿ ಇರುವುದಿಲ್ಲ.

ಹಣ ಕಟ್ಟುತ್ತಿದ್ದರೂ ನೆಮ್ಮದಿಯೇ? 2019ರ ಅಕ್ಟೋಬರಿನಲ್ಲಿ ಏನಾಯಿತು ನೋಡಿ. ಅಮೆರಿಕದ ಅಧ್ಯಕ್ಷರ ಆದೇಶದ ಕಾರಣ ಹೇಳಿ, ವೆನೆಜುವೆಲಾ ದೇಶದ ಎಲ್ಲ ಗ್ರಾಹಕರ ಖಾತೆ ಮುಚ್ಚುವುದಾಗಿ ಅದೇ ಕಂಪನಿ ಪ್ರಕಟಿಸಿತು. ಕೆಲ ವಾರಗಳಲ್ಲಿ ಅಮೆರಿಕ ಸರ್ಕಾರದ ಅನುಮತಿ ಸಿಕ್ಕು ನಿರ್ಧಾರ ಹಿಂದೆ ಸರಿಯಿತು, ನಿಜ. ಆದರೆ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು ಜಗತ್ತಿಗೆಲ್ಲ ಗೊತ್ತಾಯಿತು.

ಮೊಬೈಲಿನ ಬಿಟ್ಟಿ ಆ್ಯಪ್‌ಗಳನ್ನು ನೆಚ್ಚಿದವರ ಪಾಡೂ ಅಷ್ಟೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಹೋದದ್ದು ಎಲ್ಲರಿಗೂ ನೆನಪಿದೆ. ವಿಡಿಯೊ ಎಡಿಟಿಂಗಿಗೆ ಹುಡುಗರು ಬಳಸುತ್ತಿದ್ದ ವಿವಾವಿಡಿಯೊ ಕೂಡ ಅದೇ ಪಟ್ಟಿಯಲ್ಲಿತ್ತು. ನಿಷೇಧ ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಬೀಗ ವಾಷಿಂಗ್ಟನ್ನಿನಲ್ಲಿದ್ದರೂ ಒಂದೇ, ಬೀಜಿಂಗಿನಲ್ಲಿದ್ದರೂ ಒಂದೇ, ದೆಹಲಿಯಲ್ಲಿದ್ದರೂ ಒಂದೇ. ನಮ್ಮ ಕೈಯಲ್ಲಿಲ್ಲ ಎಂಬುದಷ್ಟೇ ಮಾತು.

ಫಾಂಟುಗಳು ಕಲಿಸಿದ ಪಾಠ ಮರೆತಿರಾ?

ಈ ಪತ್ರಿಕೆಯ ಹಿರಿಯ ಓದುಗರಿಗೆ ನೆನಪಿರಬೇಕು. 1990ರ ದಶಕದಲ್ಲಿ ಕಂಪ್ಯೂಟರಿನಲ್ಲಿ ಕನ್ನಡವೆಂದರೆ ಕಂಪನಿಗೊಂದು ಫಾಂಟು, ಫಾಂಟಿಗೊಂದು ಗುಟ್ಟಿನ ಸಂಕೇತ. ಒಂದರಲ್ಲಿ ಹೊಡೆದದ್ದು ಇನ್ನೊಂದರಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸದ ರಾಶಿ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ವ್ಯವಸ್ಥೆ ಎಂದು ಬಂದ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ನಾವು ಮಾತ್ರ ಅದಾದ ಮೇಲೂ ಎಷ್ಟೋ ವರ್ಷ ಹಳೆಯ ಫಾಂಟುಗಳಲ್ಲೇ ಕೊಳೆತೆವು. ಅಂದು ಹೊಡೆದಿಟ್ಟ ಪುಸ್ತಕ, ಕರಪತ್ರ, ನಿರ್ಣಯಗಳಲ್ಲಿ ಎಷ್ಟು ಇಂದು ತೆರೆಯುತ್ತವೆ? ಹುಡುಕಿದರೆ ಎಷ್ಟು ಸಿಗುತ್ತವೆ?

ಈಗ ವಿಡಿಯೊದಲ್ಲೂ ಅದೇ ತಪ್ಪು ನಡೆಯುತ್ತಿದೆ. ಒತ್ತಕ್ಷರ ಕೂರುವುದಿಲ್ಲವೆಂದು ಎಡಿಟಿಂಗ್ ಹುಡುಗರು ಯೂನಿಕೋಡ್ ಬಿಟ್ಟು ಹಳೆಯ ಸಂಕೇತದ ಫಾಂಟಿಗೆ ಹೋಗಿ ಟೈಟಲ್ ಹೊಡೆಯುತ್ತಾರೆ. ಪರದೆಯ ಮೇಲೆ ಅಂದವಾಗಿಯೇ ಕಾಣುತ್ತದೆ. ಅದನ್ನೇ ಉಪಶೀರ್ಷಿಕೆಯ ಕಡತವಾಗಿ ಯೂಟ್ಯೂಬಿಗೆ ಏರಿಸಿ ನೋಡಿ, ಕಸವೇ ಕಸ. ಕಿವಿ ಕೇಳದ ಕನ್ನಡಿಗನಿಗೆ ನಮ್ಮ ಭಾಷಣ ತಲುಪುವುದಿಲ್ಲ. ನಾಳೆ ಅದನ್ನು ಇನ್ನೊಂದು ಭಾಷೆಗೆ ತಿರುಗಿಸುವ ದಾರಿಯೂ ಮುಚ್ಚುತ್ತದೆ.

ಬಿಟ್ಟಿ ಬೇರೆ, ಬಿಡುಗಡೆ ಬೇರೆ

ಹಾಗಾದರೆ ದಾರಿ ಯಾವುದು? ಇದೆ. ಅದರ ಹೆಸರು ಮುಕ್ತ ತಂತ್ರಾಂಶ.

ಹಣ ಕೇಳದ್ದೆಲ್ಲ ಮುಕ್ತವಲ್ಲ, ಇದನ್ನು ಮೊದಲು ತಿಳಿಯಿರಿ. ಡಾವಿಂಚಿ ರಿಸಾಲ್ವ್ ಎಂಬ ಒಳ್ಳೆಯ ತಂತ್ರಾಂಶ ಹಣವಿಲ್ಲದೆ ಸಿಗುತ್ತದೆ. ಬಣ್ಣ ತಿದ್ದುವುದರಲ್ಲಿ ಅದರ ಹೆಸರು ದೊಡ್ಡದು, ಸಿನಿಮಾದವರೂ ಬಳಸುತ್ತಾರೆ. ಆದರೆ ಅದರ ಒಳಗಿನ ಬರಹ ಮುಚ್ಚಿದೆ. ಕೆಲವು ಸೌಲಭ್ಯಗಳನ್ನು ಹಣ ಕೊಟ್ಟವರಿಗೆಂದೇ ಎತ್ತಿಟ್ಟಿದ್ದಾರೆ. ಅದು ಮಾಲೀಕನ ದಯೆ. ದಯೆಯನ್ನು ಹಿಂತೆಗೆದುಕೊಳ್ಳಬಹುದು.

ರಿಚರ್ಡ್ ಸ್ಟಾಲ್‌ಮನ್ ಎಂಬ ಅಮೆರಿಕದವನೇ 1983ರಲ್ಲಿ ಈ ಗುಲಾಮಗಿರಿಯ ವಿರುದ್ಧ ಚಳವಳಿ ಹೂಡಿದ. ಅವನ ಮಾತಿನ ಸಾರ ನಾಲ್ಕು ಹಕ್ಕು: ತಂತ್ರಾಂಶವನ್ನು ಯಾವ ಕೆಲಸಕ್ಕಾದರೂ ಬಳಸುವ ಹಕ್ಕು, ಅದರ ಒಳಗನ್ನು ಓದಿ ತಿದ್ದುವ ಹಕ್ಕು, ಪ್ರತಿ ಮಾಡಿ ಹಂಚುವ ಹಕ್ಕು, ತಿದ್ದಿದ್ದನ್ನೂ ಹಂಚುವ ಹಕ್ಕು. ಪೆನ್‌ಡ್ರೈವಿನಲ್ಲಿ ಹಾಕಿ ತಾಲೂಕಿನ ಪ್ರತಿ ಶಾಖೆಗೂ ಕೊಡಿ, ಯಾರೂ ಕಳ್ಳ ಎನ್ನುವಂತಿಲ್ಲ. ನಿನ್ನೆಯವರೆಗೆ ಕದ್ದು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ತಲೆಯೆತ್ತಿ ಮಾಡಬಹುದು!

ಇದು ಕೈಲಾಗದವರ ಗೋಳು ಎಂದು ಮೂಗು ಮುರಿಯುವವರಿಗೆ ಒಂದು ಮಾತು. ಬ್ಲೆಂಡರ್ ಎಂಬ ತಂತ್ರಾಂಶವನ್ನು ನಡೆಸುತ್ತಿದ್ದ ಕಂಪನಿ 2002ರಲ್ಲಿ ಮುಚ್ಚಿಹೋಯಿತು. ಒಂದು ಲಕ್ಷ ಯೂರೊ ಕೊಟ್ಟರೆ ತಂತ್ರಾಂಶವನ್ನು ಬಿಡುಗಡೆ ಮಾಡುತ್ತೇವೆಂದು ಹಣ ಹೂಡಿದವರು ಒಪ್ಪಿದರು. ಬಳಸುವ ಜನ ಏಳೇ ವಾರಗಳಲ್ಲಿ ಚಂದಾ ಎತ್ತಿ ಅದನ್ನು ಬಿಡಿಸಿಕೊಂಡರು. ಮುಂದೇನಾಯಿತು? ಲಾಟ್ವಿಯಾ ಎಂಬ ಪುಟ್ಟ ದೇಶದ ನೇತೃತ್ವದ ತಂಡವೊಂದು ‘ಫ್ಲೋ’ ಎಂಬ ಅನಿಮೇಶನ್ ಚಿತ್ರವನ್ನು ಇದೇ ಬ್ಲೆಂಡರ್‌ನಲ್ಲಿ ರೂಪಿಸಿತು. 2025ರಲ್ಲಿ ಹಾಲಿವುಡ್ಡಿನ ಭಾರೀ ಕುಳಗಳನ್ನು ಹಿಂದಿಕ್ಕಿ ಅದು ಆಸ್ಕರ್ ಗೆದ್ದಿತು. ಲಾಟ್ವಿಯಾದ ಜನಸಂಖ್ಯೆ ಇಪ್ಪತ್ತು ಲಕ್ಷಕ್ಕೂ ಕಡಿಮೆ. 2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿಯವರು ನಾಲ್ಕು ಕೋಟಿ 37 ಲಕ್ಷ. ಸಂಖ್ಯೆ ಕಡಿಮೆಯಿರುವುದು ನಮ್ಮಲ್ಲಲ್ಲ, ಛಲ ಕಡಿಮೆ!

ಯಾವುದನ್ನು ಆರಿಸಬೇಕು?

ಬ್ಲೆಂಡರ್‌ನಲ್ಲಿ ವಿಡಿಯೊ ಜೋಡಿಸುವ ವಿಭಾಗವೂ ಇದೆ. ಆದರೆ ಅದು ಮುಖ್ಯವಾಗಿ ಅನಿಮೇಶನ್ ಮಾಡುವವರ ಮನೆ. ಮೆರವಣಿಗೆ, ಭಾಷಣ, ಸಂದರ್ಶನ ಕತ್ತರಿಸುವ ನಮಗೆ ಮುಖ್ಯವಾಗಿ ಮೂರು ಹೆಸರು ಸಾಕು.

ಓಪನ್‌ಶಾಟ್. 2008ರಲ್ಲಿ ಶುರುವಾದದ್ದು. ಶಾಲೆಯ ಮಗುವೂ ಅರ್ಧ ದಿನದಲ್ಲಿ ಕಲಿಯಬಹುದು. ನಾಲ್ಕು ತುಣುಕು ಜೋಡಿಸಿ ಹಾಡು ಹಾಕಲು ಇದು ಸಾಕು. ಉದ್ದದ ಕೆಲಸಕ್ಕೆ ಅಷ್ಟಕ್ಕಷ್ಟೆ.

ಶಾಟ್‌ಕಟ್. ಒಬ್ಬನೇ ಕುಳಿತು ಸಭೆಯ ವರದಿಯನ್ನು ರಾತ್ರಿಯೊಳಗೆ ಮುಗಿಸಬೇಕಾದವನಿಗೆ ಇದು ಹೇಳಿಮಾಡಿಸಿದ್ದು.

ಕೆಡೆನ್‌ಲೈವ್. ನಮ್ಮ ಸಂಘಟನೆಗಳಿಗೆ ನಾನು ಹೇಳುವುದು ಇದನ್ನೇ. 2002ರಿಂದ ಬೆಳೆದುಬಂದದ್ದು, ಇಂದು ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗದ ಆಸರೆಯಲ್ಲಿದೆ. 2022ರಲ್ಲಿ 15,000 ಯೂರೊ ಬೇಕೆಂದು ಜನರ ಮುಂದೆ ಕೈಚಾಚಿದರು, ಜನ ಅದಕ್ಕಿಂತ ಹೆಚ್ಚೇ ಕೊಟ್ಟರು. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಬೇಕಾದಷ್ಟು ಚಿತ್ರದ ಪದರ, ಧ್ವನಿಯ ಪದರ ಹಾಕಬಹುದು. ಉಪಶೀರ್ಷಿಕೆಗೆ ಪ್ರತ್ಯೇಕ ಸಾಲೇ ಇದೆ. ದೊಡ್ಡ ವಿಡಿಯೊ ಹಳೆಯ ಕಂಪ್ಯೂಟರಿನಲ್ಲಿ ಏದುಸಿರು ಬಿಟ್ಟರೆ ‘ಪ್ರಾಕ್ಸಿ’ ಎಂಬ ಸೌಲಭ್ಯ ಬಳಸಿ: ಕತ್ತರಿಸುವಾಗ ಚಿಕ್ಕ ನಕಲಿನ ಮೇಲೆ ಕೆಲಸ, ಕೊನೆಗೆ ಹೊರಬರುವುದು ಅಸಲಿ ಗುಣಮಟ್ಟದಲ್ಲೇ. ಹಳೆಯ ಗಣಕ ಇಟ್ಟುಕೊಂಡ ತಾಲೂಕು ಶಾಖೆಗೆ ಇದಕ್ಕಿಂತ ಇನ್ನೇನು ಬೇಕು?

ಕೆಡೆನ್‌ಲೈವ್, ಶಾಟ್‌ಕಟ್ ಎರಡರ ಹೊಟ್ಟೆಯೊಳಗೂ ಓಡುವುದು ಎಂಎಲ್‌ಟಿ ಎಂಬ ಒಂದೇ ಮುಕ್ತ ಯಂತ್ರ. ಎರಡೂ ನಮ್ಮ ಕೆಲಸವನ್ನು ಬರಿಗಣ್ಣಿಗೆ ಓದಲು ಬರುವ ಪಠ್ಯ ಕಡತವಾಗಿ ಇಡುತ್ತವೆ. ಇಪ್ಪತ್ತು ವರ್ಷದ ಮೇಲೆ ಯಾರಾದರೂ ಬಿಚ್ಚಿ ನೋಡಿದರೂ ಯಾವ ತುಣುಕು ಎಲ್ಲಿ ಕತ್ತರಿಸಿದೆ ಎಂದು ತಿಳಿಯುತ್ತದೆ.

ಕನ್ನಡದ ಮಾತು? ಈ ಎರಡೂ ತಂತ್ರಾಂಶಗಳು ನಿಂತಿರುವ ಅಡಿಪಾಯ ಹಾರ್ಫ್‌ಬಜ್ ಎಂಬ ಮುಕ್ತ ಸಾಧನದಿಂದ ಅಕ್ಷರ ಕೂರಿಸುತ್ತದೆ. ನಮ್ಮ ಒತ್ತು, ದೀರ್ಘ, ಅರ್ಕಾವತ್ತುಗಳ ಜಾಗ ಅದಕ್ಕೆ ಗೊತ್ತು. ನೋಟೊ ಸಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು, ಬಲೂ ತಮ್ಮ ಮೊದಲಾದ ಮುಕ್ತ ಫಾಂಟುಗಳಲ್ಲಿ ಒಂದನ್ನು ಹಾಕಿಕೊಳ್ಳಿ. ನನ್ನ ಮಾತನ್ನೂ ನಂಬಬೇಡಿ, ನೀವೇ ಪರೀಕ್ಷೆ ಮಾಡಿ. ಯಾವುದೇ ತಂತ್ರಾಂಶ ತಂದರೂ ಮೊದಲು ‘ಕನ್ನಡ’, ‘ಕರ್ನಾಟಕ’, ‘ರಾಜ್ಯೋತ್ಸವ’, ‘ಸ್ವಾತಂತ್ರ್ಯ’ ಎಂಬ ನಾಲ್ಕು ಪದ ಹೊಡೆದು ನೋಡಿ. ನಾಲ್ಕೂ ನೆಟ್ಟಗೆ ನಿಂತರೆ ಒಳಗೆ ಬಿಡಿ. ಇಲ್ಲವಾದರೆ ಹೊಸಿಲಾಚೆಯೇ ನಿಲ್ಲಿಸಿ!

ಕುಂದು ಮುಚ್ಚಿಡುವುದಿಲ್ಲ

ಹೊಗಳಿ ಅಟ್ಟಕ್ಕೇರಿಸುವುದು ನಮ್ಮ ಕೆಲಸವಲ್ಲ. ಇವು ಕೆಲವೊಮ್ಮೆ ಕೆಲಸದ ನಡುವೆಯೇ ಕುಸಿದು ಮುಚ್ಚಿಹೋಗುತ್ತವೆ. ಹತ್ತು ನಿಮಿಷಕ್ಕೊಮ್ಮೆ ಉಳಿಸುವ ಅಭ್ಯಾಸ ಬೇಕೇ ಬೇಕು. ಸಿನಿಮಾ ಮಟ್ಟದ ಬಣ್ಣದ ಕೆಲಸಕ್ಕೆ ಇವು ಸಾಲವು. ಹಳೆಯದಕ್ಕೆ ಪಳಗಿದ ಕೈಗೆ ಮೊದಲ ಎರಡು ವಾರ ಕಿರಿಕಿರಿಯೇ. ಇವು ಮೊಬೈಲಿನಲ್ಲಿ ಓಡುವುದಿಲ್ಲ. ಬೀದಿಯಲ್ಲಿ ನಿಂತು ಒಂದು ನಿಮಿಷದ ತುಣುಕು ಕಳುಹಿಸುವವನು ಮೊಬೈಲಿನಲ್ಲೇ ಕಳುಹಿಸಲಿ. ಆದರೆ ಮೂಲ ಚಿತ್ರ ಸಂಘದ ಕಂಪ್ಯೂಟರಿಗೆ ಬರಲಿ, ದಾಖಲೆಯಾಗಿ ಉಳಿಯುವ ವಿಡಿಯೊ ಅಲ್ಲಿ ತಯಾರಾಗಲಿ.

ಇನ್ನೊಂದು ಕುಂದು ನಮ್ಮದೇ. ತಂತ್ರಾಂಶದ ಒಳಗಿನ ಆಜ್ಞೆಗಳೆಲ್ಲ ತಾವಾಗಿಯೇ ಕನ್ನಡವಾಗುವುದಿಲ್ಲ. ಕಂಪನಿಯ ತಂತ್ರಾಂಶದಲ್ಲಿ ಕನ್ನಡ ಬೇಕೆಂದರೆ ಅರ್ಜಿ ಹಾಕಿ ಕಾಯಬೇಕು. ಲಾಭವಿಲ್ಲವೆಂದರೆ ಅವರು ತಿರುಗಿಯೂ ನೋಡುವುದಿಲ್ಲ. ಮುಕ್ತ ತಂತ್ರಾಂಶದಲ್ಲಿ ಅನುವಾದದ ಕಡತವೇ ತೆರೆದಿರುತ್ತದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಇಂದು ಕನ್ನಡದಲ್ಲಿ ಸಿಗುತ್ತವೆಯಾದರೆ ಅದು ಕೂತು ಒಂದೊಂದೇ ಸಾಲು ಅನುವಾದ ಮಾಡಿದವರ ಪುಣ್ಯ. ಅವರಿಗೆ ಯಾವ ಸಭೆಯಲ್ಲೂ ನಾವು ಶಾಲು ಹೊದಿಸಲಿಲ್ಲ. ‘ಕಟ್’ ಎಂಬುದಕ್ಕೆ ‘ಕತ್ತರಿಸು’ ಎಂದು ಬರೆಯಲು ಇಂಜಿನಿಯರೇ ಬೇಕಿಲ್ಲ. ಕನ್ನಡ ಮೇಷ್ಟರೂ ಬರೆಯಬಹುದು.

ಕಾಸರಗೋಡಿನ ಮಕ್ಕಳನ್ನು ನೋಡಿ

ಇದೆಲ್ಲ ಕನಸು ಎನ್ನುವವರು ಗಡಿಯಾಚೆ ನೋಡಲಿ. ಕಾಸರಗೋಡು 1956ರಲ್ಲಿ ನಮ್ಮ ಕೈತಪ್ಪಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಕಾಗದದಲ್ಲೇ ಉಳಿಯಿತು. ಆ ನೋವು ಆರಿಲ್ಲ, ಆರಬಾರದು.

ಆದರೆ ಸತ್ಯ ಹೇಳಬೇಕು. ಕೇರಳ ತನ್ನ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠವನ್ನು ಮುಕ್ತ ತಂತ್ರಾಂಶಕ್ಕೆ ತಿರುಗಿಸಿ ವರ್ಷಗಳೇ ಆದವು. ಶಾಲೆಗಳಿಗೆಂದೇ ಲಿನಕ್ಸ್ ಸಿದ್ಧಪಡಿಸಿತು. 2018ರಲ್ಲಿ ಶುರುವಾದ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಸಂಘಗಳಲ್ಲಿ ಮಕ್ಕಳು ಕ್ಯಾಮರಾ ಹಿಡಿದು ಶಾಲೆಯ ಕಾರ್ಯಕ್ರಮ ಚಿತ್ರೀಕರಿಸುತ್ತಾರೆ, ಮುಕ್ತ ತಂತ್ರಾಂಶದಲ್ಲೇ ಕತ್ತರಿಸಿ ಜೋಡಿಸುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಠ್ಯಪುಸ್ತಕ ಕನ್ನಡದಲ್ಲೇ ಬರುತ್ತದೆ.

ಮಲಯಾಳಿ ಸರ್ಕಾರದ ಕೆಳಗಿರುವ ಕನ್ನಡದ ಮಗು ಕದಿಯದೆ, ಬಾಡಿಗೆ ಕಟ್ಟದೆ ಈ ವಿದ್ಯೆ ಕಲಿಯಬಹುದಾದರೆ, ಕನ್ನಡಿಗರದೇ ಸರ್ಕಾರವಿರುವ ನಾಡಿನಲ್ಲಿ ನಮಗೇನು ಅಡ್ಡಿ? ಕಾಸರಗೋಡಿಗಾಗಿ ಘೋಷಣೆ ಕೂಗುವ ನಾವು ಆ ಮಕ್ಕಳಿಂದ ಒಂದು ಪಾಠ ಕಲಿಯಲು ನಾಚಬೇಕಾಗಿಲ್ಲ.

ಮಾಡಬೇಕಾದದ್ದು

ಬರುವ ನವೆಂಬರ್ 1ರೊಳಗೆ ಪ್ರತಿ ಶಾಖೆಯೂ ತನ್ನ ಕಂಪ್ಯೂಟರಿನಿಂದ ಕದ್ದ ಎಡಿಟಿಂಗ್ ತಂತ್ರಾಂಶವನ್ನು ಕಿತ್ತು ಹಾಕಲಿ. ಹಳೆಯ ಕೆಲಸಗಳನ್ನು ಅದಕ್ಕೂ ಮೊದಲೇ ಪೂರ್ಣ ವಿಡಿಯೊ ಮಾಡಿ ಹೊರತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಅವೂ ಹೋದಾವು. ಕೆಡೆನ್‌ಲೈವ್ ಹಾಕಿ. ಇಬ್ಬರು ಹುಡುಗರು, ಇಬ್ಬರು ಹುಡುಗಿಯರನ್ನು ಕೂರಿಸಿ ಎರಡು ವಾರ ಕಲಿಸಿ. ಟೈಟಲ್, ಉಪಶೀರ್ಷಿಕೆ ಎಲ್ಲವೂ ಯೂನಿಕೋಡಿನಲ್ಲೇ ಇರಲಿ. ಮೂಲ ಚಿತ್ರಗಳು ಎರಡು ಬೇರೆ ಬೇರೆ ಡಿಸ್ಕಿನಲ್ಲಿ, ಎರಡು ಬೇರೆ ಬೇರೆ ಮನೆಯಲ್ಲಿ ಇರಲಿ. ಜಿಲ್ಲೆಗೆ ನಾಲ್ವರಾದರೂ ಅನುವಾದದ ಕೆಲಸಕ್ಕೆ ಹೆಸರು ಕೊಡಲಿ.

ಸರ್ಕಾರಕ್ಕೂ ಒಂದು ಹಕ್ಕೊತ್ತಾಯ. ಕನ್ನಡಿಗರ ತೆರಿಗೆ ಹಣದಲ್ಲಿ ಮಾಡಿಸುವ ಪ್ರತಿ ವಿಡಿಯೊದಲ್ಲೂ ಯೂನಿಕೋಡ್ ಕನ್ನಡದ ಉಪಶೀರ್ಷಿಕೆ ಕಡ್ಡಾಯವಾಗಲಿ. ಮುಕ್ತ ತಂತ್ರಾಂಶದಲ್ಲಿ ತೆರೆಯುವ ಕಡತವನ್ನು ಗುತ್ತಿಗೆದಾರ ಇಲಾಖೆಗೆ ಒಪ್ಪಿಸಲಿ. ಕರ್ನಾಟಕದ ಶಾಲೆಗಳಲ್ಲಿ ವಿಡಿಯೊ ಎಡಿಟಿಂಗ್ ಕಲಿಸುವುದಾದರೆ ಮುಕ್ತ ತಂತ್ರಾಂಶದಲ್ಲೇ, ಕನ್ನಡದಲ್ಲೇ ಕಲಿಸಲಿ.

1982ರ ಗೋಕಾಕ್ ಚಳವಳಿಯಲ್ಲಿ ರಾಜ್‌ಕುಮಾರ್ ಅವರೊಡನೆ ಊರೂರಿನ ಜನ ಬೀದಿಗಿಳಿದರು. ಅದರಲ್ಲಿ ಪಾಲ್ಗೊಂಡವರ ಮನೆಗಳಲ್ಲಿ ಎಷ್ಟು ಚಿತ್ರಗಳು ಉಳಿದಿವೆ, ಹುಡುಕಿ ನೋಡಿ. ಆಗ ಕ್ಯಾಮರಾ ಇದ್ದವರೇ ಬೆರಳೆಣಿಕೆ, ಆ ಕೊರತೆಯನ್ನು ಕ್ಷಮಿಸಬಹುದು. ಇಂದು ಪ್ರತಿ ಜೇಬಿನಲ್ಲೂ ಕ್ಯಾಮರಾ ಇದೆ. ನಮ್ಮ ಹೋರಾಟದ ಚಿತ್ರ ಬಾಡಿಗೆ ನಿಂತಿತೆಂದು, ಕಳ್ಳ ಪ್ರತಿ ಕೆಟ್ಟಿತೆಂದು ನಾಳೆ ಅಳಿದುಹೋದರೆ ಮೊಮ್ಮಕ್ಕಳು ಕ್ಷಮಿಸುವುದಿಲ್ಲ.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಅವನ ಕಂಪ್ಯೂಟರಿನಲ್ಲೇ ಕೆಡೆನ್‌ಲೈವ್ ಹಾಕಿಸಿ, ಅದೇ ಮೆರವಣಿಗೆಯ ತುಣುಕಿನ ಮೇಲೆ ಅದೇ ಸಾಲು ಹೊಡೆಸಿದೆವು. ‘ಕನ್ನಡ ರಾಜ್ಯೋತ್ಸವ’ ಎಂದು ಒತ್ತು ಸಮೇತ ನೆಟ್ಟಗೆ ಮೂಡಿತು. ಹುಡುಗ ಪರದೆಯನ್ನೇ ನೋಡುತ್ತ ಕೇಳಿದ: “ಅಣ್ಣಾ, ಇದಕ್ಕೆ ಎಷ್ಟು ಕೊಡ್ಬೇಕು?”

“ದುಡ್ಡು ಬೇಡ ಕಣಪ್ಪಾ. ಇನ್ನು ನಾಲ್ಕು ಜನಕ್ಕೆ ಕಲಿಸು, ಸಾಕು.”

ಬಂಧುಗಳೆ, ನಿಮಗೂ ನಮ್ಮ ಕೋರಿಕೆ ಅಷ್ಟೆ.